ಕಾಫಿ ಕಮ್ಮಿ ಮಾಡೋಕೆ ಹೋಗಿ ಪದೇ ಪದೇ ಸೋಲ್ತಿದ್ದೀರಾ? ಲೋಟ ಎಣಿಸೋದು ಬಿಟ್ಟು ಪುಡಿ ತೂಗಿ ನೋಡಿ

"ಸೋಮವಾರದಿಂದ ಕಾಫಿ ಬಂದ್" ಅಂತ ಭಾನುವಾರ ರಾತ್ರಿ ಮನೆಯವರಿಗೆಲ್ಲ ಹೇಳಿ, ಸೋಮವಾರ ಹೇಗೋ ತಳ್ಳಿ, ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿದುಹೋಗೋ ಹಾಗಾಗಿ, ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದ್ಮೇಲೆ ಅರ್ಧ ಗಂಟೇಲಿ ತಲೆನೋವು ಮಾಯ ಆಗಿ, "ನಂಗೆ ಕಾಫಿ ಬಿಡೋಕಾಗಲ್ಲ ಬಿಡಿ" ಅಂತ ಕೈಚೆಲ್ಲಿದವರು ನಂಗೆ ಎಷ್ಟು ಜನ ಗೊತ್ತಿದ್ದಾರೆ ಅಂದ್ರೆ, ಪ್ರತಿಯೊಬ್ರಿಗೂ ಅದೇ ಮಾತು ಹೇಳೋ ಬದಲು ಒಂದೇ ಸಲ ಪೂರ್ತಿ ಬರೆದುಬಿಡೋಣ ಅನ್ನಿಸ್ತು. ನಾನೂ ಹೀಗೇ ಎರಡು ಸಲ ಸೋತಿದ್ದೀನಿ. ಮೂರನೇ ಸಲ ಆಗಿದ್ದು ಮನಸ್ಸು ಗಟ್ಟಿ ಆಗಿದ್ದಕ್ಕಲ್ಲ, ಯಾವುದನ್ನ ಮೊದಲು ಇಳಿಸ್ಬೇಕು ಯಾವುದನ್ನ ಕೊನೆಗೆ ಮುಟ್ಬೇಕು ಅನ್ನೋ ಕ್ರಮ ಗೊತ್ತಾಗಿದ್ದಕ್ಕೆ.

ಎಲ್ಲರೂ ಮಾಡೋ ತಪ್ಪು ಮೂರು. ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸ್ತಾರೆ. ನಿಲ್ಲಿಸೋಕೆ ಬೆಳಗಿನ ಕಾಫಿಯಿಂದಾನೇ ಶುರು ಮಾಡ್ತಾರೆ. ಆಮೇಲೆ ಲೋಟದ ಲೆಕ್ಕ ಇಟ್ಕೋತಾರೆ, ಲೋಟದೊಳಗೆ ಎಷ್ಟು ಪುಡಿ ಹೋಯ್ತು ಅಂತ ನೋಡಲ್ಲ. ಕೆಳಗಿರೋ ಹಂತಗಳು ಈ ಮೂರನ್ನೂ ತಪ್ಪಿಸೋಕೆ ಅಂತಾನೇ ಇರೋದು. ಒಟ್ಟು ಆರರಿಂದ ಎಂಟು ವಾರ ಬೇಕು, ಅವಸರ ಇರೋರಿಗೆ ಇದು ಆಗಲ್ಲ. ಗುರಿ ಕಾಫಿ ಪೂರ್ತಿ ಬಿಡೋದೇ ಆಗಿರ್ಬೇಕು ಅಂತೇನಿಲ್ಲ, ನಿದ್ದೆಗೂ ಹೊಟ್ಟೆಗೂ ತೊಂದ್ರೆ ಕೊಡದಷ್ಟು ಪ್ರಮಾಣಕ್ಕೆ ತಂದು ಅಲ್ಲೇ ನಿಲ್ಲಿಸೋದು ನನ್ನ ಪ್ರಕಾರ ಹೆಚ್ಚಿನವರಿಗೆ ಸಾಕು.

## ಶುರು ಮಾಡೋಕ್ಮುಂಚೆ: ಇವರು ಮೊದಲು ಡಾಕ್ಟರ್ ಹತ್ರ ಮಾತಾಡ್ಲೇಬೇಕು

ಇದನ್ನ ದಯವಿಟ್ಟು ಹಾರಿಸ್ಬೇಡಿ. ಮಾನಸಿಕ ಆರೋಗ್ಯಕ್ಕೆ ಲಿಥಿಯಂ ಅಥವಾ ಕ್ಲೋಜಪಿನ್ ತಗೋತಿರೋರು, ಉಬ್ಬಸಕ್ಕೆ ಥಿಯೋಫಿಲಿನ್ ತಗೋತಿರೋರು ಕಾಫಿ ಪ್ರಮಾಣನ ತಾವಾಗೇ ಬದಲಾಯಿಸ್ಬಾರ್ದು. ಕೆಫೀನ್ (ಕಾಫೀಲಿ ನಮ್ಮನ್ನ ಎಚ್ಚರವಾಗಿಡೋ ಅಂಶ) ಜಾಸ್ತಿ ಕಮ್ಮಿ ಆದ್ರೆ ರಕ್ತದಲ್ಲಿ ಈ ಔಷಧಿಗಳ ಮಟ್ಟಾನೂ ಬದಲಾಗತ್ತೆ. ಉದಾಹರಣೆಗೆ ಕಾಫಿ ತಟ್ಟನೆ ನಿಲ್ಲಿಸಿದ್ರೆ ಲಿಥಿಯಂ ಮಟ್ಟ ಏರತ್ತೆ, ಅದು ಅಪಾಯ. "ನಾನು ಕಾಫಿ ಕಮ್ಮಿ ಮಾಡ್ತಿದ್ದೀನಿ" ಅಂತ ಡಾಕ್ಟರ್‌ಗೆ ಒಂದು ಮಾತು ಹೇಳಿದ್ರೆ ಅವರು ಬೇಕಿದ್ರೆ ರಕ್ತ ಪರೀಕ್ಷೆ ಮಾಡಿಸ್ತಾರೆ.

ಬಸುರಿಯರ ಲೆಕ್ಕ ಬೇರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಬಸುರಿಯರಿಗೆ ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಒಳಗೆ ಇರ್ಲಿ ಅಂತ ಹೇಳಿದೆ. ಕೊನೇ ತಿಂಗಳುಗಳಲ್ಲಿ ಕೆಫೀನ್ ಮೈಯಿಂದ ಹೊರಗೆ ಹೋಗೋದು ತುಂಬ ನಿಧಾನ ಆಗತ್ತೆ, ಹಾಗಾಗಿ ಎಂಟು ವಾರದ ಈ ದಾರಿ ಹಿಡಿಯೋ ಮುಂಚೆ ನಿಮ್ಮನ್ನ ನೋಡ್ತಿರೋ ಡಾಕ್ಟರ್ ಹತ್ರ ಕೇಳಿ, ಅವರು ಇನ್ನೂ ಬೇಗ ಇಳಿಸಿ ಅನ್ನಬಹುದು.

ಸಿಗರೇಟ್ ಬಿಡ್ತಿರೋರಿಗೂ ಒಂದು ವಿಷಯ. ಹೊಗೆ ಸೇದೋರ ಲಿವರ್ ಕೆಫೀನನ್ನ ಬೇಗ ಕರಗಿಸತ್ತೆ. ಸಿಗರೇಟ್ ನಿಲ್ಲಿಸಿದ್ಮೇಲೆ ಆ ವೇಗ ಇಳಿಯತ್ತೆ, ಮೊದಲು ಕುಡೀತಿದ್ದ ಅದೇ ನಾಲ್ಕು ಕಾಫಿ ಈಗ ಜಾಸ್ತಿ ಹೊತ್ತು ಮೈಯಲ್ಲಿ ನಿಲ್ಲತ್ತೆ, ಎದೆ ಹೊಡ್ಕೊಳ್ಳೋದು, ನಿದ್ದೆ ಬರದೇ ಇರೋದು ಶುರು ಆಗತ್ತೆ, ಅದನ್ನ ಸಿಗರೇಟ್ ಬಿಟ್ಟಿದ್ದಕ್ಕೇ ಹೀಗೆ ಅಂದ್ಕೊಂಡು ವಾಪಸ್ ಸೇದೋಕೆ ಹೋಗ್ತಾರೆ. ಅಂಥವರು ಹಂತ 3ನ್ನ ತಕ್ಷಣ ಮಾಡಿ, ಉಳಿದಿದ್ದು ನಿಧಾನಕ್ಕೆ.

## ಏನೇನು ಬೇಕು

ಗ್ರಾಂ ತೋರಿಸೋ ಒಂದು ಸಣ್ಣ ಕಿಚನ್ ತಕ್ಕಡಿ ಬೇಕೇ ಬೇಕು. ಚಮಚದ ಲೆಕ್ಕ ನಂಬ್ಬೇಡಿ, ಒಬ್ಬರ ತುಂಬು ಚಮಚ ಇನ್ನೊಬ್ಬರ ಎರಡು ಚಮಚ. ಒಂದು ನೋಟ್‌ಬುಕ್, ಮನೇಲಿ ಈಗಾಗ್ಲೇ ಇರೋ ಫಿಲ್ಟರ್, ಸಿರಪ್ ಬಾಟಲಿ ಜೊತೆ ಬರೋ ಎಂಎಲ್ ಗೆರೆ ಇರೋ ಸಣ್ಣ ಮುಚ್ಚಳ (ಡಿಕಾಕ್ಷನ್ ಅಳೆಯೋಕೆ), ಮತ್ತೆ ಈಗ ಕುಡೀತಿರೋ ಲೋಟಕ್ಕಿಂತ ಒಂದು ಸೈಜ್ ಚಿಕ್ಕದಾದ ಸ್ಟೀಲ್ ಲೋಟ. ಇಷ್ಟೇ. ದುಡ್ಡು ಕೊಟ್ಟು ಆ್ಯಪ್, ಪುಡಿ, ಮಾತ್ರೆ ಏನೂ ತಗೋಬೇಡಿ.

## ಹಂತ 1: ಏಳು ದಿನ ಏನೂ ಬದಲಾಯಿಸ್ಬೇಡಿ, ಬರೀರಿ ಅಷ್ಟೇ

ಯಾವ ಹೊತ್ತಿಗೆ, ಎಲ್ಲಿ, ಏನು, ಎಷ್ಟು ಅಂತ ನಾಲ್ಕು ಕಾಲಂ. ಜೊತೆಗೆ ರಾತ್ರಿ ಎಷ್ಟಕ್ಕೆ ಮಲಗಿದ್ರಿ, ನಿದ್ದೆ ಬರೋಕೆ ಎಷ್ಟು ಹೊತ್ತು ಹಿಡೀತು, ಮಧ್ಯ ಎದ್ರಾ ಅಂತ ಒಂದು ಸಾಲು. ಕಾಫಿ ಒಂದೇ ಅಲ್ಲ, ಟೀ, ಗ್ರೀನ್ ಟೀ, ಕೋಲಾ, ಎನರ್ಜಿ ಡ್ರಿಂಕ್, ಡಾರ್ಕ್ ಚಾಕೊಲೇಟ್, ಎಲ್ಲಾ ಬರೀಬೇಕು. ತಲೆನೋವಿನ ಮಾತ್ರೆ ಕೂಡ. ಮೆಡಿಕಲ್ ಶಾಪಲ್ಲಿ ಸಿಗೋ ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಸೇರಿಸಿರ್ತಾರೆ, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಬರೆದಿರತ್ತೆ.

ಈ ವಾರದಲ್ಲಿ ಹೆಚ್ಚಿನವರಿಗೆ ಒಂದು ವಿಷಯ ಕಣ್ಣಿಗೆ ಬೀಳತ್ತೆ: "ನಾನು ದಿನಕ್ಕೆ ಎರಡೇ ಕಾಫಿ" ಅಂತಿದ್ದೋರದ್ದು ನಾಲ್ಕೋ ಐದೋ ಆಗಿರತ್ತೆ. ಬೆಳಗ್ಗೆ ಎದ್ದ ತಕ್ಷಣದ್ದು, ತಿಂಡಿ ಜೊತೆದು, ಆಫೀಸ್ ಮೆಶಿನ್‌ದು, ನೆಂಟರು ಬಂದಾಗ ಅವರ ಜೊತೆ ಕುಡಿದಿದ್ದು, ಫಿಲ್ಟರ್‌ನಲ್ಲಿ ಉಳಿದಿದ್ದು ವೇಸ್ಟ್ ಆಗತ್ತೆ ಅಂತ ಅಮ್ಮ ಹಾಕ್ಕೊಟ್ಟ ಅರ್ಧ ಲೋಟ. ಇಂಥ ಮಧ್ಯದ ಕಾಫಿಗಳನ್ನೇ ಮುಂದೆ ನಾವು ಮೊದಲು ತೆಗೆಯೋದು.

ಭಾನುವಾರ ಲೇಟಾಗಿ ಎದ್ದಾಗ, ಇಲ್ಲ ಏನೂ ಮುಟ್ಟದೆ ಉಪವಾಸ ಇದ್ದ ದಿನ ತಲೆನೋವು ಬರತ್ತಾ ಅಂತಾನೂ ಬರ್ಕೊಳ್ಳಿ. ಉಪವಾಸದ ತಲೆನೋವು ಹಸಿವಿಂದ ಅಂತ ಎಲ್ಲರೂ ಅಂದ್ಕೋತೀವಿ, ಎಷ್ಟೋ ಸಲ ಅದು ಬೆಳಗಿನ ಕಾಫಿ ತಪ್ಪಿದ್ದಕ್ಕೆ ಬಂದಿರತ್ತೆ. ಹಾಗೆ ಬರತ್ತೆ ಅಂದ್ರೆ ನಿಮ್ಮ ಮೈ ಕೆಫೀನ್‌ಗೆ ಒಗ್ಗಿಹೋಗಿದೆ, ನೀವು ನಿಧಾನದ ದಾರೀನೇ ಹಿಡೀಬೇಕು.

## ಹಂತ 2: ಮಿಲಿಗ್ರಾಂ ಲೆಕ್ಕ ಹಾಕಿ

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ (ಐಸಿಎಂಆರ್ ಅಡಿ ಬರೋದು) 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚೀಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟ್ಬೇಡಿ ಅಂತ ಹೇಳಿದ್ದಾರೆ. ಅದರ ಪ್ರಕಾರ 150 ಎಂಎಲ್ ಕಪ್ ಡಿಕಾಕ್ಷನ್ ಕಾಫೀಲಿ 80ರಿಂದ 120, ಇನ್‌ಸ್ಟಂಟ್ ಕಾಫೀಲಿ 50ರಿಂದ 65, ಒಂದು ಕಪ್ ಟೀಲಿ 30ರಿಂದ 65 ಮಿಲಿಗ್ರಾಂ. ಅಮೆರಿಕ, ಯುರೋಪ್‌ನೋರು ಆರೋಗ್ಯವಾಗಿರೋ ದೊಡ್ಡೋರಿಗೆ 400 ಅಂತಾರೆ. ನಾನು 300ನ್ನೇ ಹಿಡ್ಕೊಂಡಿದ್ದೀನಿ.

ಆದ್ರೆ ನಮ್ಮ ಮನೆ ಫಿಲ್ಟರ್ ಕಾಫಿಗೆ ಕಪ್ಪಿನ ಲೆಕ್ಕ ಸರಿಯಾಗಿ ಕೂರಲ್ಲ. ಒಬ್ರ ಮನೇಲಿ ಡಿಕಾಕ್ಷನ್ ಜೇನುತುಪ್ಪದ ಹಾಗಿರತ್ತೆ, ಇನ್ನೊಬ್ರ ಮನೇಲಿ ನೀರು. ಅದಕ್ಕೇ ಪುಡಿ ತೂಕದಿಂದ ಲೆಕ್ಕ ಹಾಕಿ. ಕಾಫಿ ಪುಡಿಗೆ ಬೆರೆಸೋ ಚಿಕೋರೀಲಿ (ಅದು ಒಂದು ಗಿಡದ ಬೇರಿನ ಪುಡಿ) ಕೆಫೀನ್ ಇಲ್ಲವೇ ಇಲ್ಲ, ಹಾಗಾಗಿ ಅದನ್ನ ಕಳೀಬೇಕು. ಉಳಿದ ಕಾಫಿ ಪುಡೀಲಿ ಬೀಜದ ಜಾತಿ ನೋಡಿ: ಅರೇಬಿಕಾ ಆದ್ರೆ ಒಂದು ಗ್ರಾಂಗೆ ಸುಮಾರು 12 ಮಿಲಿಗ್ರಾಂ, ರೋಬಸ್ಟಾ ಆದ್ರೆ ಸುಮಾರು 22, ಎರಡೂ ಅರ್ಧರ್ಧ ಬೆರೆಸಿದ್ರೆ 17 ಅಂತ ಇಟ್ಕೊಳ್ಳಿ.

ನಮ್ಮನೆ ಉದಾಹರಣೆ ಕೊಡ್ತೀನಿ. ಇಬ್ಬರಿಗೆ ದಿನಕ್ಕೆ 40 ಗ್ರಾಂ ಪುಡಿ, 80:20 ಮಿಕ್ಸ್ (ಕಾಫಿ 80, ಚಿಕೋರಿ 20), ಅರೇಬಿಕಾ ರೋಬಸ್ಟಾ ಅರ್ಧರ್ಧ. 40ರಲ್ಲಿ ಶೇ. 80 ಅಂದ್ರೆ 32 ಗ್ರಾಂ ಕಾಫಿ. 32ನ್ನ 17ರಿಂದ ಗುಣಿಸಿದ್ರೆ 544. ಇಬ್ಬರಿಗೆ ಹಂಚಿದ್ರೆ ತಲಾ 272. ಜೊತೆಗೆ ಆಫೀಸಲ್ಲಿ ಎರಡು ಮೆಶಿನ್ ಕಾಫಿ, ತಲಾ 60 ಹಿಡಿದ್ರೆ 120. ಒಟ್ಟು 392. ಚರಟದಲ್ಲಿ ಸ್ವಲ್ಪ ಉಳಿಯತ್ತೆ, ನಿಜವಾದ ಸಂಖ್ಯೆ ಇದಕ್ಕಿಂತ ಒಂಚೂರು ಕಮ್ಮಿ ಇರತ್ತೆ, ಪರವಾಗಿಲ್ಲ, ನಮಗೆ ಬೇಕಿರೋದು ವಾರದಿಂದ ವಾರಕ್ಕೆ ಹೋಲಿಸೋಕೆ ಒಂದು ನಂಬರ್.

ಹೊರಗಡೆದಕ್ಕೆ: ದರ್ಶಿನಿ ಕಾಫಿ 80 ಅಂತ ಬರ್ಕೊಳ್ಳಿ. ಕೆಫೆಗಳಲ್ಲಿ ಎಸ್ಪ್ರೆಸೊ ಒಂದು ಶಾಟ್‌ಗೆ 60–70, ದೊಡ್ಡ ಕಪ್ಪಲ್ಲಿ ಎರಡು ಶಾಟ್ ಇರತ್ತೆ. ಎನರ್ಜಿ ಡ್ರಿಂಕ್ 250 ಎಂಎಲ್ ಟಿನ್‌ಗೆ 75ರ ಹತ್ತಿರ, ಕೋಲಾ ಒಂದು ಕ್ಯಾನ್‌ಗೆ 30–35.

## ಹಂತ 3: ಮೊದಲು ಕೊನೇ ಕಾಫಿಯ ಟೈಮ್ ಬದಲಾಯಿಸಿ, ಪ್ರಮಾಣ ಅಲ್ಲ

ಇದೇ ನನ್ನ ಪ್ರಕಾರ ಅತಿ ಮುಖ್ಯವಾದ ಹಂತ, ಜನ ಹಾರಿಸೋದೂ ಇದನ್ನೇ. ಕೆಫೀನ್ ಅರ್ಧ ಕರಗೋಕೆ ಸರಾಸರಿ 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಗರ್ಭನಿರೋಧಕ ಮಾತ್ರೆ ತಗೋಳ್ಳೋ ಹೆಂಗಸರಿಗೆ ಇದು ಹೆಚ್ಚುಕಮ್ಮಿ ಎರಡರಷ್ಟಾಗತ್ತೆ. ಸಂಜೆ 5ಕ್ಕೆ ನಿಪ್ಪಟ್ಟಿನ ಜೊತೆ ಕುಡಿದ 100 ಮಿಲಿಗ್ರಾಂ ರಾತ್ರಿ 10ಕ್ಕೆ 50 ಇರತ್ತೆ, ಬೆಳಗಿನ ಜಾವ 3ಕ್ಕೆ ಕೂಡ 25. "ನಂಗೆ ಕಾಫಿ ಕುಡಿದ್ರೂ ನಿದ್ದೆ ಬರತ್ತೆ" ಅನ್ನೋರಿಗೆ ನಿದ್ದೆ ಬರತ್ತೆ ನಿಜ, ಆದ್ರೆ ಆಳದ ನಿದ್ದೆ ಕಮ್ಮಿ ಆಗತ್ತೆ. 2013ರ ಒಂದು ಅಧ್ಯಯನದಲ್ಲಿ ಮಲಗೋ 6 ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡವರಿಗೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಗಿತ್ತು.

ದಿನವಿಡೀ ಎಚ್ಚರವಾಗಿರೋವಾಗ ಮೆದುಳಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ತುಂಬ್ಕೋತಾ ಹೋಗತ್ತೆ, ಅದು ತುಂಬಿದಷ್ಟೂ ನಿದ್ದೆ ಎಳಿಯತ್ತೆ. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತ್ಕೊಳ್ಳತ್ತೆ, ಆಯಾಸದ ಸುದ್ದಿ ಮೆದುಳಿಗೆ ಮುಟ್ಟಲ್ಲ. ಆಯಾಸ ಎಲ್ಲೂ ಹೋಗಿರಲ್ಲ. ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಬೆಳಗ್ಗೆ ಇನ್ನೊಂದು ಲೋಟ, ಆ ಲೋಟಕ್ಕೆ ಮತ್ತೆ ರಾತ್ರಿ ನಿದ್ದೆ ಹಾಳು. ಈ ಚಕ್ರ ಮುರಿಯದೆ ಬೆಳಗಿನ ಕಾಫಿ ಇಳಿಸೋಕೆ ಹೋದ್ರೆ ಆಗೋದೇ ಇಲ್ಲ.

ಮಾಡೋ ರೀತಿ: ನೀವು ಮಲಗೋ ಹೊತ್ತಿಂದ 8 ಗಂಟೆ ಹಿಂದಕ್ಕೆ ಎಣಿಸಿ. 10:30ಕ್ಕೆ ಮಲಗ್ತೀರಾ ಅಂದ್ರೆ ಮಧ್ಯಾಹ್ನ 2:30. ಸಂಜೆ 6ರ ಕಾಫೀನ ಒಂದೇ ಸಲ 2:30ಕ್ಕೆ ತರ್ಬೇಡಿ, ಎರಡು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಹಿಂದಕ್ಕೆ ಸರಿಸಿ. ಹತ್ತು ದಿನದಲ್ಲಿ ಬಂದ್ಬಿಡತ್ತೆ. ಊಟ 1:30ಕ್ಕೆ ಮುಗಿಸಿದ್ರೆ 2:30ರ ಕಾಫಿ ಊಟಕ್ಕೂ ಒಂದು ಗಂಟೆ ದೂರ ಇದ್ದ ಹಾಗೂ ಆಯ್ತು. ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಕಾಫಿ ಟೀ ಬೇಡ ಅಂತ ಹಂತ 2ರಲ್ಲಿ ಹೇಳಿದ ಅದೇ ಹೈದರಾಬಾದ್ ಸಂಸ್ಥೆಯ ಮಾರ್ಗಸೂಚಿ ಹೇಳತ್ತೆ, ಯಾಕಂದ್ರೆ ಸೊಪ್ಪು, ಕಾಳು, ರಾಗಿಯಿಂದ ಬರೋ ಕಬ್ಬಿಣಾಂಶನ ಮೈ ಹೀರ್ಕೊಳ್ಳೋದಕ್ಕೆ ಅದು ಅಡ್ಡಿ ಮಾಡತ್ತೆ. ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ತಗೊಂಡು ತಿಂಡಿ ಜೊತೆ ಕಾಫಿ ಕುಡಿಯೋ ಹೆಂಗಸರು ಎಷ್ಟು ಮನೇಲಿದ್ದಾರೆ, ಅವರಿಗೆ ಇದೊಂದನ್ನ ಹೇಳಿ ಸಾಕು. ಕೆಫೀನ್ ತೆಗೆದ ಡೀಕ್ಯಾಫ್ ಕುಡಿದ್ರೂ ಇದು ತಪ್ಪಲ್ಲ, ಅಡ್ಡಿ ಮಾಡೋದು ಕಾಫಿಯಲ್ಲಿರೋ ಬೇರೆ ಅಂಶಗಳು.

ಸಂಜೆ ಖಾಲಿ ಆಗೋ ಜಾಗಕ್ಕೆ ಬಿಸಿ ಏನಾದ್ರೂ ಇರ್ಲೇಬೇಕು. ಖಾಲಿ ಬಿಟ್ರೆ ಮೂರನೇ ದಿನ ಕೈ ತಾನಾಗೇ ಫಿಲ್ಟರ್ ಕಡೆ ಹೋಗತ್ತೆ. ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಮೆಂತ್ಯ, ಮೆಣಸು ಹುರಿದು ಪುಡಿ ಮಾಡಿಟ್ಕೊಂಡ್ರೆ ಹಾಲು, ಬೆಲ್ಲ ಹಾಕಿ ಎರಡು ನಿಮಿಷದಲ್ಲಿ ಕಷಾಯ ರೆಡಿ. ಬಣ್ಣ, ಬಿಸಿ, ಹಾಲು, ಲೋಟ ಎಲ್ಲಾ ಕಾಫಿ ತರಾನೇ ಇರೋದ್ರಿಂದ ಅಭ್ಯಾಸ ಮುರಿಯಲ್ಲ. ರಾಗಿ ಮಾಲ್ಟ್, ಬಾದಾಮಿ ಹಾಲು, ಕರಾವಳಿ ಕಡೆಯೋರಿಗೆ ಪುನರ್ಪುಳಿ ಸಾರು ಕೂಡ ಆಗತ್ತೆ. ಗ್ರೀನ್ ಟೀ ಮಾತ್ರ ಬೇಡ, ಅದರಲ್ಲೂ ಕೆಫೀನ್ ಇದೆ. ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಅಂದ್ರೆ, ಕಾಫಿ ಬಿಟ್ಟು ದಿನಕ್ಕೆ ಐದು ಗ್ರೀನ್ ಟೀ ಕುಡೀತಿದ್ದೋರನ್ನ ನಾನು ನೋಡಿದ್ದೀನಿ.

## ಹಂತ 4: ಮಧ್ಯದ ಕಾಫಿಗಳನ್ನ ತೆಗೀರಿ

ಈಗ ನಿಜವಾಗ್ಲೂ ಇಳಿಸೋಕೆ ಶುರು. ನಿಯಮ ಒಂದೇ: ಒಂದು ವಾರದಲ್ಲಿ ನಿಮ್ಮ ಒಟ್ಟು ನಂಬರಿನ ಕಾಲು ಭಾಗಕ್ಕಿಂತ ಜಾಸ್ತಿ ಇಳಿಸ್ಬಾರ್ದು. 392 ಇದ್ರೆ 300ಕ್ಕಿಂತ ಕೆಳಗೆ ಅದೇ ವಾರ ಹೋಗ್ಬೇಡಿ.

ಮೊದಲು ರುಚಿಗೆ ಕುಡಿಯದೇ ಇರೋದನ್ನ ತೆಗೀರಿ, ಅಂದ್ರೆ ಆಫೀಸ್ ಮೆಶಿನ್‌ದು. ಅದನ್ನ ಯಾರೂ ಇಷ್ಟಪಟ್ಟು ಕುಡಿಯಲ್ಲ, ಸೀಟಿಂದ ಏಳೋಕೆ ಒಂದು ನೆಪ. ಏಳಿ, ನಡೀರಿ, ಬಿಸಿನೀರು ಹಿಡ್ಕೊಂಡು ಬನ್ನಿ. ನಂದು ಎರಡಿದ್ದಿದ್ದು ಮೊದಲ ವಾರ ಒಂದಾಯ್ತು (332), ಎರಡನೇ ವಾರ ಅದೂ ಹೋಯ್ತು (272). ಫ್ರೆಂಡ್ಸ್ ಜೊತೆ ಹೊರಗೆ ಹೋದ್ರೆ ಬೈಟು ಹೇಳಿ. ಅರ್ಧ ಕಾಫಿ ಕೇಳಿದ್ರೆ ಯಾರೂ ವಿಚಿತ್ರವಾಗಿ ನೋಡದೇ ಇರೋ ಊರಲ್ಲಿದ್ದೀವಿ, ಅದನ್ನ ಬಳಸ್ಕೊಳ್ಳಿ.

ಫಿಲ್ಟರ್‌ನಲ್ಲಿ ಉಳಿಯೋ ಡಿಕಾಕ್ಷನ್ ಬಗ್ಗೆ: ಉಳಿಯತ್ತೆ ಅಂದ್ರೆ ಪುಡಿ ಜಾಸ್ತಿ ಹಾಕ್ತಿದ್ದೀರಿ ಅಂತ. ಉಳಿದಿದ್ದನ್ನ ಕುಡಿದು ಮುಗಿಸೋ ಜವಾಬ್ದಾರಿ ಮನೇಲಿ ಒಬ್ಬರ ಮೇಲೇ ಬೀಳತ್ತೆ, ಹೆಚ್ಚಾಗಿ ಅಮ್ಮನ ಮೇಲೆ. ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಬಳಸಿ, ಅಷ್ಟು ಪುಡಿ ಮಾರನೇ ದಿನ ಕಮ್ಮಿ ಹಾಕಿ. ಅದೇ ಚರಟಕ್ಕೆ ಮತ್ತೆ ಬಿಸಿನೀರು ಹಾಕಿ ಇಳಿಸೋ ಎರಡನೇ ಡಿಕಾಕ್ಷನ್‌ನಲ್ಲಿ ಕೆಫೀನ್ ತುಂಬ ಕಮ್ಮಿ, ಯಾಕಂದ್ರೆ ಮೊದಲನೇದರಲ್ಲೇ ಹೆಚ್ಚಿನದು ಇಳಿದುಹೋಗಿರತ್ತೆ. ಸೊನ್ನೆ ಅಂತೂ ಅಲ್ಲ, ರಾತ್ರಿ ಕುಡೀಬೇಡಿ.

## ಹಂತ 5: ಮಿಕ್ಸ್ ಬದಲಾಯಿಸಿ

ಇಲ್ಲಿ ಲೋಟದ ಸಂಖ್ಯೆ ಮುಟ್ಟೋದೇ ಬೇಡ. ಪುಡಿ ಅಂಗಡೀಲಿ 80:20 ಬದಲು 70:30 ಕೇಳಿ, ಅದು ಮುಗಿದ್ಮೇಲೆ 60:40. ಕಾಲು ಕೆಜಿ ಮಾತ್ರ ತಗೊಳ್ಳಿ, ಜಾಸ್ತಿ ತಂದಿಟ್ರೆ ಮುಂದಿನ ಹಂತಕ್ಕೆ ಹೋಗೋದು ತಡ ಆಗತ್ತೆ. ನಮ್ಮನೆ 40 ಗ್ರಾಂ ಹಾಗೇ ಇಟ್ಕೊಂಡು 70:30 ಮಾಡಿದಾಗ ತಲಾ 238, 60:40ಕ್ಕೆ ಬಂದಾಗ 204. ಮನೆಯವರಿಗೆ ಗೊತ್ತಾಗಿದ್ದು ಬಣ್ಣ ಇನ್ನೂ ಗಾಢ ಆಗಿದೆ ಅಂತ ಮಾತ್ರ. ಚಿಕೋರಿ ಹಾಕಿದಷ್ಟೂ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಬರತ್ತೆ, ಅದಕ್ಕೇ ಜನ ಅದನ್ನ ಸ್ಟ್ರಾಂಗ್ ಅಂತಾರೆ. ಬಣ್ಣಕ್ಕೂ ಕೆಫೀನ್‌ಗೂ ಸಂಬಂಧ ಇಲ್ಲ.

ನಮ್ಮ ದೇಶದ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಕ್ಸ್‌ನಲ್ಲಿ ಕಾಫಿ ಕನಿಷ್ಠ ಶೇ. 51 ಇರ್ಬೇಕು, ಪ್ಯಾಕೆಟ್ ಮೇಲೆ ಎಷ್ಟೆಷ್ಟು ಅಂತ ಹಾಕಿರ್ಬೇಕು. ಪ್ಯಾಕೆಟ್ ತಗೊಳ್ಳೋರು ಅದನ್ನ ಓದಿ. ಅಂಗಡೀಲಿ ಪುಡಿ ಮಾಡಿಸೋರು ಬೀಜ ಯಾವುದು ಅಂತಾನೂ ಕೇಳಿ. ಪ್ಲಾಂಟೇಶನ್ ಅಂದ್ರೆ ಅರೇಬಿಕಾ. ಪೀಬೆರಿ (ಹಣ್ಣೊಳಗೆ ಎರಡರ ಬದಲು ಒಂದೇ ದುಂಡು ಬೀಜ ಇರೋದು) ಅಂದ ಮಾತ್ರಕ್ಕೆ ಅರೇಬಿಕಾ ಅಂದ್ಕೋಬೇಡಿ, ರೋಬಸ್ಟಾದಲ್ಲೂ ಪೀಬೆರಿ ಇದೆ, ಬಾಯಿಬಿಟ್ಟು ಕೇಳ್ಬೇಕು. ರೋಬಸ್ಟಾ ಕಮ್ಮಿ ಮಾಡಿ ಅರೇಬಿಕಾ ಜಾಸ್ತಿ ಹಾಕಿಸಿದ್ರೆ ಚಿಕೋರಿ ಇಷ್ಟ ಇಲ್ಲದವರೂ ಕೆಫೀನ್ ಇಳಿಸ್ಬಹುದು, ರೇಟು ಸ್ವಲ್ಪ ಜಾಸ್ತಿ ಆಗತ್ತೆ, ಘಮ ಅಂತೂ ಚೆನ್ನಾಗಿರತ್ತೆ.

ಇಲ್ಲಿ ಆಗೋ ಎಡವಟ್ಟುಗಳು. ಚಿಕೋರಿ ಜಾಸ್ತಿ ಇದ್ದಾಗ ಡಿಕಾಕ್ಷನ್ ನಿಧಾನ ಇಳಿಯತ್ತೆ, ಕಟ್ಕೊಳ್ಳತ್ತೆ. ಪುಡೀನ ಒತ್ತಿ ತುಂಬ್ಬೇಡಿ, ಮೇಲಿನ ಬಿಲ್ಲೆ ಹಗುರವಾಗಿ ಇಡಿ ಸಾಕು. ಚಿಕೋರೀಗೆ ಅದರದ್ದೇ ಒಂದು ಸಿಹಿ ಇದೆ, ಸಕ್ಕರೆ ಅರ್ಧ ಚಮಚ ಕಮ್ಮಿ ಹಾಕಿ ನೋಡಿ. ಕೆಲವರಿಗೆ ಹೊಟ್ಟೆ ಉಬ್ಬರ, ಗ್ಯಾಸ್ ಆಗತ್ತೆ, ಅಂಥವರು 70:30ರಲ್ಲೇ ನಿಲ್ಲಿ. ಸೇವಂತಿಗೆ, ಚೆಂಡು ಹೂವಿನ ಜಾತಿ ಗಿಡಗಳ ಅಲರ್ಜಿ ಇರೋರಿಗೆ ಚಿಕೋರಿ ಆಗ್ದೇ ಇರ್ಬಹುದು, ಅದೇ ಕುಟುಂಬದ ಗಿಡ ಅದು.

## ಹಂತ 6: ಬೆಳಗಿನ ಕಾಫಿ ಕಟ್ಟಕಡೆಗೆ

ಇಷ್ಟೊತ್ತಿಗೆ ಆರನೇ ವಾರ ಆಗಿರತ್ತೆ, ನಿದ್ದೆ ಸುಧಾರಿಸಿರತ್ತೆ. ಈಗ ತಕ್ಕಡಿ ತೆಗೀರಿ. 40 ಗ್ರಾಂ ಇದ್ದಿದ್ದನ್ನ ಒಂದು ವಾರ 32, ಮುಂದಿನ ವಾರ 24. ಲೋಟಕ್ಕೆ ಹಾಕೋ ಡಿಕಾಕ್ಷನ್ನೂ ಮುಚ್ಚಳದಲ್ಲಿ ಅಳೆದು ಹಾಕಿ, ಕಣ್ಣಂದಾಜು ಬೇಡ. 60:40 ಮಿಕ್ಸ್‌ನಲ್ಲಿ 24 ಗ್ರಾಂ ಅಂದ್ರೆ ತಲಾ 122 ಮಿಲಿಗ್ರಾಂ ಆಯ್ತು. 392ರಿಂದ 122. ಕಾಫಿ ನೀರಾಯ್ತು ಅನ್ನಿಸಿದ್ರೆ ಲೋಟ ಚಿಕ್ಕದು ಮಾಡಿ, ಡಿಕಾಕ್ಷನ್ ತೆಳು ಮಾಡ್ಬೇಡಿ. ಚಿಕ್ಕ ಲೋಟದಲ್ಲಿ ಗಟ್ಟಿ ಕಾಫಿ ಕುಡಿದೋರಿಗೆ ತೃಪ್ತಿ ಆಗತ್ತೆ, ದೊಡ್ಡ ಲೋಟದಲ್ಲಿ ತೆಳು ಕಾಫಿ ಕುಡಿದೋರು ಇನ್ನೊಂದು ಕೇಳ್ತಾರೆ.

ಬೆಳಗ್ಗೆ ಥೈರಾಯ್ಡ್ ಮಾತ್ರೆ ತಗೋಳ್ಳೋರು ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟೇ ಕಾಫಿ ಕುಡೀರಿ, ಇಲ್ಲಾಂದ್ರೆ ಮಾತ್ರೆ ಸರಿಯಾಗಿ ಹೀರಲ್ಲ.

"ಕಾಫಿ ಕುಡೀದೆ ಹೊಟ್ಟೆ ಖಾಲಿ ಆಗಲ್ಲ" ಅನ್ನೋ ಭಯ ಬಹಳ ಜನಕ್ಕಿದೆ, ಮುಜುಗರಕ್ಕೆ ಹೇಳ್ಕೊಳ್ಳಲ್ಲ, ಆದ್ರೆ ಇದೇ ಕಾರಣಕ್ಕೆ ವಾಪಸ್ ಹೋಗ್ತಾರೆ. ಕಾಫಿ ಕರುಳನ್ನ ಚುರುಕು ಮಾಡೋದು ನಿಜ. ಎದ್ದ ತಕ್ಷಣ ಎರಡು ಲೋಟ ಬಿಸಿನೀರು, ಹತ್ತು ನಿಮಿಷ ನಡಿಗೆ, ದಿನಾ ಒಂದೇ ಹೊತ್ತಿಗೆ ಹೋಗಿ ಕೂರೋದು, ರಾತ್ರಿ ಊಟದಲ್ಲಿ ಸೊಪ್ಪು ತರಕಾರಿ. ಒಂದೆರಡು ವಾರದಲ್ಲಿ ಸರಿಹೋಗತ್ತೆ. ಇನ್ನೊಂದು, ವಯಸ್ಸಾದವರಿಗೆ ದಿನದ ಹಾಲು ಹೊಟ್ಟೆಗೆ ಹೋಗೋದೇ ಕಾಫಿ ಮೂಲಕ. ಅವರ ಕಾಫಿ ಇಳಿಸಿದ್ರೆ ಅಷ್ಟು ಹಾಲು ಬೇರೆ ರೂಪದಲ್ಲಿ ಕೊಡಿ, ಮರೀಬೇಡಿ.

## ತಲೆನೋವು ಬಂದ್ರೆ ಏನು ಮಾಡೋದು

ಕೆಫೀನ್ ತಟ್ಟನೆ ಕಮ್ಮಿ ಆದ್ರೆ 12ರಿಂದ 24 ಗಂಟೇಲಿ ತಲೆನೋವು, ತೂಕಡಿಕೆ, ಸಿಡುಕು, ಗಮನ ನಿಲ್ಲದೇ ಇರೋದು, ಕೆಲವರಿಗೆ ವಾಕರಿಕೆ, ಮೈಕೈ ನೋವು ಶುರು ಆಗತ್ತೆ. ಒಂದೆರಡು ದಿನಕ್ಕೆ ಜೋರಾಗಿ, 2ರಿಂದ 9 ದಿನದಲ್ಲಿ ಇಳಿಯತ್ತೆ. ಇದು ನಾಟಕ ಅಲ್ಲ, ಮನೆಯವರೂ ತಿಳ್ಕೋಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತೀಲಿ ಇದನ್ನ ಒಂದು ಸ್ಥಿತಿ ಅಂತಾನೇ ಸೇರಿಸಿದ್ದಾರೆ. ದಿನಕ್ಕೆ 100 ಮಿಲಿಗ್ರಾಂ, ಅಂದ್ರೆ ಒಂದೇ ಲೋಟ ಕುಡಿಯೋರಿಗೂ ಬರಬಹುದು.

ಮೇಲಿನ ಕ್ರಮದಲ್ಲಿ ಹೋದ್ರೆ ಬಂದ್ರೂ ಸಣ್ಣದಾಗಿರತ್ತೆ. ನೀರು ಕುಡೀರಿ, ಊಟ ತಪ್ಪಿಸ್ಬೇಡಿ, ಮಧ್ಯಾಹ್ನ ಹದಿನೈದು ಇಪ್ಪತ್ತು ನಿಮಿಷ ಮಲಗಿ. ಮಾತ್ರೆ ಬೇಕೇ ಬೇಕು ಅಂದ್ರೆ ಕೆಫೀನ್ ಸೇರಿಸದ ಬರೀ ಪ್ಯಾರಸಿಟಮಾಲ್ ಇದೆಯಾ ಅಂತ ಸ್ಟ್ರಿಪ್ ನೋಡಿ, ಇಲ್ಲಾಂದ್ರೆ ಲೋಟದಲ್ಲಿ ಬಿಟ್ಟಿದ್ದನ್ನ ಮಾತ್ರೇಲಿ ತಗೊಂಡ ಹಾಗೆ ಆಗತ್ತೆ. ತಡೆಯೋಕೇ ಆಗ್ದಿದ್ರೆ ಕಾಲು ಲೋಟ ಕಾಫಿ ಕುಡೀರಿ. ಸೋತ್ರಿ ಅಂತಲ್ಲ, ಹಿಂದಿನ ವಾರದ ಪ್ರಮಾಣಕ್ಕೆ ವಾಪಸ್ ಹೋಗಿ ಇನ್ನೊಂದು ವಾರ ಅಲ್ಲೇ ಇದ್ದು ಮತ್ತೆ ಇಳೀರಿ.

## ಈ ಲಕ್ಷಣ ಕಂಡ್ರೆ ಕಾಫಿ ಅಂತ ಸುಮ್ನೆ ಕೂರ್ಬೇಡಿ

ಜೀವನದಲ್ಲೇ ಬಂದಿರದಂಥ ತಲೆನೋವು ಏಕ್‌ದಂ ಬರೋದು, ಮಾತು ತೊದಲೋದು, ಮುಖ ಅಥವಾ ಒಂದು ಕೈಕಾಲು ಸೋಲೋದು, ಜ್ವರದ ಜೊತೆ ಕತ್ತು ಬಿಗಿ ಆಗೋದು, ಎದೆನೋವು, ಎದೆ ಬಡಿತ ತಾಳ ತಪ್ಪಿ ತಲೆಸುತ್ತು ಬರೋದು. ಇದ್ಯಾವುದೂ ಕಾಫಿ ಬಿಟ್ಟಿದ್ದಕ್ಕೆ ಬರೋದಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ. ತಲೆನೋವು ಹತ್ತು ದಿನ ದಾಟಿದ್ರೂ, ಮನಸ್ಸು ಕುಗ್ಗಿ ಎರಡು ವಾರ ಆದ್ರೂ ಮೇಲೇಳದೇ ಇದ್ರೂ ಡಾಕ್ಟರ್‌ಗೆ ತೋರಿಸಿ. ಕಾಫಿ ಕಮ್ಮಿ ಆದ್ಮೇಲೂ ಸುಸ್ತು ಹಾಗೇ ಇದ್ರೆ ರಕ್ತಹೀನತೆ, ಥೈರಾಯ್ಡ್, ಶುಗರ್ ಟೆಸ್ಟ್ ಮಾಡಿಸಿ. ಎಷ್ಟೋ ವರ್ಷ ಆ ಸುಸ್ತನ್ನ ಕಾಫಿ ಮುಚ್ಚಿಟ್ಟಿರತ್ತೆ.

## ಚಹಾ ಕುಡಿಯೋರಿಗೆ

ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯೋರಿಗೆ ಕ್ರಮ ಇದೇ, ಮಿಕ್ಸ್ ಬದಲಾಯಿಸೋ ಹಂತ ಮಾತ್ರ ಬೇರೆ. ಚಹಾಪುಡಿ ಎಷ್ಟು ಹೊತ್ತು ಕುದಿಯತ್ತೋ ಅಷ್ಟು ಕೆಫೀನ್ ಇಳಿಯತ್ತೆ. ಮೊದಲು ನೀರಲ್ಲಿ ಶುಂಠಿ, ಏಲಕ್ಕಿ ಚೆನ್ನಾಗಿ ಕುದಿಸಿ, ಹಾಲು ಹಾಕಿ, ಪುಡಿ ಕೊನೆಗೆ ಹಾಕಿ ಒಂದು ಕುದಿಗೆ ಇಳಿಸಿ. ಪುಡೀನ ವಾರಕ್ಕೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ಶುಂಠಿ ಜಾಸ್ತಿ ಮಾಡಿ. ಗಿರಾಕಿಗೋ ಪಾವಣ್ಯಾರಿಗೋ (ನೆಂಟರಿಗೋ) ಅಂತ ದಿನಕ್ಕೆ ಹತ್ತು ಸಲ ಸಣ್ಣ ಕಪ್ಪಲ್ಲಿ ಕುಡಿಯೋ ಅಂಗಡಿಯವರು ಕಪ್ ಎಣಿಸಿ ಪ್ರಯೋಜನ ಇಲ್ಲ, ಒಂದು ದಿನದ ಕಪ್ಪೆಲ್ಲ ನೀರಲ್ಲಿ ಅಳೆದು ಎಂಎಲ್ ಕೂಡಿಸಿ ನೋಡಿ.

## ಮದುವೆ, ಹಬ್ಬ, ನೆಂಟರ ಮನೆ

ಮದುವೆ ಮನೆಗೆ ಹೋದ ದಿನ ಲೆಕ್ಕ ತಪ್ಪೇ ತಪ್ಪತ್ತೆ. ಎದ್ದ ಕೂಡ್ಲೇ ಒಂದು, ತಿಂಡಿಗೆ ಒಂದು, ಮುಹೂರ್ತ ಆದ್ಮೇಲೆ ಒಂದು. ಯಾರ ಮನೇಲಾದ್ರೂ "ಕಾಫಿ ಬೇಡ" ಅಂದ್ರೆ ಬೇಜಾರು ಮಾಡ್ಕೋತಾರೆ, "ಅರ್ಧ ಲೋಟ ಸಾಕು ಅತ್ತೆ, ಹಾಲು ಜಾಸ್ತಿ ಇರ್ಲಿ" ಅಂದ್ರೆ ಇಬ್ಬರಿಗೂ ಸಮಾಧಾನ. ಮೂರು ದಿನದ ಸಮಾರಂಭದಲ್ಲಿ ದಿನಕ್ಕೆ ನಾಲ್ಕೈದು ಕುಡಿದು ಬಂದ್ರೆ ವಾಪಸ್ ಬಂದ ದಿನಾನೇ 122ಕ್ಕೆ ಇಳೀಬೇಡಿ, ಎರಡು ದಿನ 32 ಗ್ರಾಂ ಪುಡಿ ಹಾಕಿ, ಮೂರನೇ ದಿನದಿಂದ 24.